ಹೆಲಿಪ್ಯಾಡ್ ಮಾಡಿಸಿದವನು ಹೆಲಿಕಾಪ್ಟರ್ ಹತ್ತಿದಾಗ

ಮಂಡ್ಯ ಜಿಲ್ಲೆಯಲ್ಲಿ ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ಆಗಿದ್ದ ವರ್ಷಗಳಲ್ಲಿ ನಾನು ಮಾಡಿಸಿದ ರಸ್ತೆಗಳ ಲೆಕ್ಕ ಕಡತಗಳಲ್ಲಿದೆ. ಮಾಡಿಸಿದ ಹೆಲಿಪ್ಯಾಡುಗಳ ಲೆಕ್ಕ ನನ್ನ ನೆನಪಿನಲ್ಲಷ್ಟೇ ಇದೆ. ಅವು ಉಳಿಯುವಂಥ ಕಾಮಗಾರಿಗಳೂ ಅಲ್ಲ. ಕಾಲೇಜು ಮೈದಾನದಲ್ಲೋ ಜಾತ್ರೆ ಬಯಲಿನಲ್ಲೋ ಎರಡು ದಿನದಲ್ಲಿ ಸಿದ್ಧವಾಗಿ, ಒಂದೆರಡು ಗಂಟೆ ಉಪಯೋಗಕ್ಕೆ ಬಂದು, ಮೂರನೆಯ ದಿನ ಊರಿನ ಹುಡುಗರು ಅದೇ ಸುಣ್ಣದ ವೃತ್ತದ ನಡುವೆ ವಿಕೆಟ್ ನೆಟ್ಟು ಕ್ರಿಕೆಟ್ ಆಡುವಲ್ಲಿಗೆ ಅವುಗಳ ಆಯುಷ್ಯ ಮುಗಿಯುತ್ತಿತ್ತು. ಚುನಾವಣೆ ಬಂದರೆ ಒಂದೇ ವಾರದಲ್ಲಿ ನಾಲ್ಕು ಹೆಲಿಪ್ಯಾಡ್ ಮಾಡಿಸಿದ್ದೂ ಉಂಟು. ಆದರೆ ಮೊದಲ ಹತ್ತು ವರ್ಷ ನಾನು ಹೆಲಿಕಾಪ್ಟರನ್ನು ಬ್ಯಾರಿಕೇಡಿನ ಈಚೆಯಿಂದ, ಕಣ್ಣಿಗೆ ಕರವಸ್ತ್ರ ಹಿಡಿದು ನೋಡಿದ್ದೇ ಹೊರತು ಒಳಗೆ ಕುಳಿತವನಲ್ಲ. ಕೆಲಸವನ್ನು ಅರ್ಧ ಮಾತ್ರ ತಿಳಿದು ಮಾಡುತ್ತಿದ್ದೆ ಎಂಬುದು ಗೊತ್ತಾದದ್ದು ಹತ್ತಿದ ಮೇಲೆಯೇ.

ಆ ದಿನಗಳಲ್ಲಿ ಹೆಲಿಪ್ಯಾಡ್ ಎಂದರೆ ನನ್ನ ಮಟ್ಟಿಗೆ ಒಂದು ನೆಲ. ಮಟ್ಟಸವಾದ ಜಾಗ ಹುಡುಕುವುದು, ಕೂಳೆ ಮತ್ತು ಕಲ್ಲು ತೆಗೆಸುವುದು, ರೋಲರ್ ಓಡಿಸುವುದು, ಹಿಂದಿನ ಸಂಜೆ ಒಮ್ಮೆ ಮತ್ತು ಬೆಳಿಗ್ಗೆ ಒಮ್ಮೆ ಟ್ಯಾಂಕರಿನಲ್ಲಿ ನೀರು ಹೊಡೆಸುವುದು, ಸುಣ್ಣದಲ್ಲಿ ವೃತ್ತ ಎಳೆದು ನಡುವೆ ಮೂರು ಮೀಟರ್ ಉದ್ದ, 1.8 ಮೀಟರ್ ಅಗಲದ ‘ಎಚ್’ ಅಕ್ಷರ ಬರೆಸುವುದು, ಗಾಳಿಯ ದಿಕ್ಕು ತೋರಿಸುವ ಕೆಂಪು ಬಿಳಿ ಬಟ್ಟೆಯ ಗಾಳಿಚೀಲವನ್ನು ದರ್ಜಿಯಿಂದ ಹೊಲಿಸಿ ಕಂಬಕ್ಕೆ ಕಟ್ಟಿಸುವುದು, ಅಗ್ನಿಶಾಮಕ ವಾಹನ ಬಂದು ನಿಲ್ಲುವುದಕ್ಕೆ ದಾರಿ ಬಿಡಿಸುವುದು. ನೀರು ಹೊಡೆಸುವುದರಲ್ಲಿಯೂ ಹದ ಬೇಕು. ನಾಗಮಂಗಲದ ಕಡೆಯ ಕೆಮ್ಮಣ್ಣು ಎಷ್ಟು ಕುಡಿದರೂ ಮತ್ತೆ ದೂಳಾಗುತ್ತದೆ; ನಾಲೆ ಬಯಲಿನ ಮಣ್ಣಿಗೆ ಒಂದು ಟ್ಯಾಂಕರ್ ಹೆಚ್ಚಾದರೆ ಮೇಲೆ ಒಣಗಿದಂತೆ ಕಂಡರೂ ಒಳಗೆ ಕೆಸರಾಗಿಯೇ ಇರುತ್ತದೆ.

ಬರುವ ಯಂತ್ರ ಯಾವುದೆಂದು ಮೊದಲು ಕೇಳಬೇಕೆಂಬುದನ್ನು ಒಂದು ಶಾಮಿಯಾನ ಕಳೆದುಕೊಂಡು ಕಲಿತೆ. ಬಾಡಿಗೆಗೆ ಬರುವ ಬೆಲ್ 407ರ ರೆಕ್ಕೆಯ ವ್ಯಾಸ ಸುಮಾರು 35 ಅಡಿ, ತುಂಬಿದ ತೂಕ ಎರಡೂವರೆ ಟನ್ನಿನ ಒಳಗೆ. ವಾಯುಪಡೆಯ ಎಂಐ-17ರ ರೆಕ್ಕೆಯ ವ್ಯಾಸ 70 ಅಡಿ, ಗರಿಷ್ಠ ತೂಕ 13 ಟನ್. ವ್ಯಾಸ ಎರಡರಷ್ಟು, ತೂಕ ಐದು ಪಟ್ಟಿಗಿಂತ ಹೆಚ್ಚು. ಆ ತೂಕವನ್ನೆಲ್ಲ ಗಾಳಿಯನ್ನು ಕೆಳಕ್ಕೆ ತಳ್ಳಿಯೇ ಎತ್ತಿ ಹಿಡಿಯಬೇಕು ಎಂದಾಗ ಆ ಗಾಳಿಯ ರಭಸವನ್ನು ಯಾರಾದರೂ ಊಹಿಸಬಹುದಿತ್ತು, ನಾನು ಊಹಿಸಲಿಲ್ಲ. ಸಣ್ಣ ಯಂತ್ರಕ್ಕೆ ಹಾಕಿಸುತ್ತಿದ್ದ ದೂರದಲ್ಲಿಯೇ ಶಾಮಿಯಾನ ಹಾಕಿಸಿದ್ದೆ. ದೊಡ್ಡದು ಇಳಿಯುವ ಹೊತ್ತಿಗೆ ಆ ಶಾಮಿಯಾನ ಗೂಟಗಳ ಸಮೇತ ಎದ್ದು ಪಕ್ಕದ ಹಿಪ್ಪುನೇರಳೆ ತೋಟಕ್ಕೆ ಹೋಗಿ ಬಿತ್ತು. ಕೆಳಗೆ ಯಾರೂ ಕುಳಿತಿರಲಿಲ್ಲವೆಂಬುದೊಂದೇ ಸಮಾಧಾನ. ಅಂದಿನಿಂದ ಪ್ಲಾಸ್ಟಿಕ್ ಕವರು, ಕಬ್ಬಿನ ತರಗು, ಹೂವಿನ ಹಾರ ಸುತ್ತಿದ ಪೇಪರು ಇವನ್ನೆಲ್ಲ ನಾನೇ ಬಗ್ಗಿ ಆಯುವ ಅಭ್ಯಾಸ ಮಾಡಿಕೊಂಡೆ. ಮೇಲೆದ್ದ ಕವರು ರೆಕ್ಕೆಗೆ ಸುತ್ತಿಕೊಳ್ಳಬಹುದು, ಎಂಜಿನ್ನಿನ ಗಾಳಿದ್ವಾರಕ್ಕೆ ಅಂಟಿಕೊಳ್ಳಬಹುದು. ಕೈಕೆಳಗಿನವರು ಮೊದಮೊದಲು ನಕ್ಕರು.

ನನ್ನ ಮೊದಲ ಹಾರಾಟ ನನ್ನದೇ ಇನ್ನೊಂದು ತಪ್ಪಿನಿಂದ ದೊರೆತದ್ದು. ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಮುಂಚಿತವಾಗಿ ಕಳುಹಿಸಬೇಕು. ನನ್ನ ಕೈಯಲ್ಲಿದ್ದ ಉಪಕರಣ 12 ಡಿಗ್ರಿ, 31.50 ಮಿನಿಟ್ ಎಂದು ತೋರಿಸಿದ್ದನ್ನು ನಾನು ಬಿಂದುವಿನ ಅರ್ಥ ವಿಚಾರಿಸದೆ 31 ಮಿನಿಟ್ 50 ಸೆಕೆಂಡ್ ಎಂದು ನಮೂನೆಯಲ್ಲಿ ತುಂಬಿದೆ. ಅರ್ಧ ಮಿನಿಟ್ ಎಂದರೆ 30 ಸೆಕೆಂಡ್, ಐವತ್ತಲ್ಲ. ಅಕ್ಷಾಂಶದ ಒಂದು ಸೆಕೆಂಡ್ ನೆಲದ ಮೇಲೆ ಸುಮಾರು 31 ಮೀಟರ್ ಆಗುವುದರಿಂದ, ನನ್ನ ಬರವಣಿಗೆಯ ಪ್ರಕಾರ ಹೆಲಿಪ್ಯಾಡ್ ಆರುನೂರು ಮೀಟರಿಗೂ ಹೆಚ್ಚು ಉತ್ತರಕ್ಕೆ ಸರಿದಿತ್ತು. ಹೆಲಿಕಾಪ್ಟರ್ ಬಂದಿತು, ನಮ್ಮ ‘ಎಚ್’ ಅನ್ನು ಬಿಟ್ಟು ಒಂದು ರಾಗಿ ಕಣದ ಮೇಲೆ ಸುತ್ತು ಹಾಕಿತು, ಕಣದಲ್ಲಿದ್ದವರು ಮೊರ ಹಿಡಿದುಕೊಂಡು ಓಡಿದರು. ನಾವು ಹೊಗೆ ಹಾಕಿದ ಮೇಲೆ ಈಚೆ ತಿರುಗಿ ಇಳಿಯಿತು.

ಗಣ್ಯರು ವೇದಿಕೆಗೆ ಹೋದ ನಂತರ ಪೈಲಟ್, ಇದನ್ನು ಬರೆದವರು ಯಾರು ಎಂದು ಕೇಳಿದರು. ಸೇನೆಯಿಂದ ನಿವೃತ್ತರಾದವರು, ಮಾತು ಕಡಿಮೆ. ನಾನು ಒಪ್ಪಿಕೊಂಡೆ. ಪಾಂಡವಪುರದ ಕಡೆ ಅದೇ ಮಧ್ಯಾಹ್ನ ಇಳಿಯಬೇಕಾಗಿದ್ದ ಮುಂದಿನ ಜಾಗವೂ ನಾನು ಬರೆದುಕೊಟ್ಟದ್ದೇ ಎಂದು ತಿಳಿದಾಗ, ಹಾಗಾದರೆ ನೀವೇ ಬಂದು ತೋರಿಸಿ ಎಂದರು. ನನ್ನ ತೂಕ ಕೇಳಿದರು. ನಾನು ನಾಚಿಕೆಯಿಂದ ನಾಲ್ಕು ಕಿಲೋ ಕಡಿಮೆ ಹೇಳಿದೆ. ಅದನ್ನು ಇಂಧನದ ಲೆಕ್ಕದಲ್ಲಿ ಸೇರಿಸುತ್ತಾರೆಂದು ಆಗ ಗೊತ್ತಿರಲಿಲ್ಲ.

ಹತ್ತುವ ಕ್ರಮವನ್ನು ಅವರು ಎರಡೇ ವಾಕ್ಯದಲ್ಲಿ ಹೇಳಿದರು. ಮುಂದಿನಿಂದ, ಅವರ ಕಣ್ಣಿಗೆ ಬೀಳುವಂತೆ ಬಗ್ಗಿ ಬರಬೇಕು. ಬಾಲದ ಕಡೆಗೆ ಯಾವ ಕಾರಣಕ್ಕೂ ಹೋಗಬಾರದು, ಏಕೆಂದರೆ ತಿರುಗುತ್ತಿರುವ ಬಾಲದ ರೆಕ್ಕೆ ಕಣ್ಣಿಗೆ ಕಾಣುವುದಿಲ್ಲ. ಕಿವಿಗೆ ಹೆಡ್‌ಸೆಟ್ ಹಾಕಿಕೊಂಡ ಮೇಲೆ ಹೊರಗಿನ ಗದ್ದಲ ದೂರವಾಯಿತು, ನಡುಕ ಮಾತ್ರ ಆಸನದಿಂದ ಹಲ್ಲಿನವರೆಗೆ ಬಂದಿತು. ನೆಲ ಬಿಟ್ಟದ್ದು ತಿಳಿಯಲೇ ಇಲ್ಲ. ಐದಾರು ಅಡಿ ಎದ್ದು ನಿಂತು, ಮೂಗು ತಗ್ಗಿಸಿ, ನುಗ್ಗುವ ಹೋರಿಯಂತೆ ಮುಂದಕ್ಕೆ ಓಡುತ್ತಾ ಓಡುತ್ತಾ ಏರಿತು. ಲಿಫ್ಟಿನ ಹಾಗೆ ನೇರ ಮೇಲಕ್ಕೆ ಹೋಗುತ್ತದೆಂದು ತಿಳಿದಿದ್ದ ನನಗೆ ಮೊದಲ ಪಾಠ ಅದು.

ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಬಯಲಿನಲ್ಲಿ ಎಷ್ಟು ಬಗೆಯ ಹಸಿರಿದೆಯೆಂಬುದು ಸ್ಕೂಟರಿನಲ್ಲಿ ವರ್ಷಗಟ್ಟಲೆ ಓಡಾಡಿದವನಿಗೂ ಗೊತ್ತಿರಲಿಲ್ಲ. ಎಳೆ ಕಬ್ಬು, ಬೆಳೆದ ಕಬ್ಬು, ನಾಟಿಯ ಭತ್ತ, ತೆಂಗು ಎಲ್ಲ ಬೇರೆ ಬೇರೆಯಾಗಿ ಕಂಡವು, ನಾಲೆಯ ಗೆರೆಯ ಮೇಲ್ಮಗ್ಗುಲಿಗೆ ಆ ಹಸಿರು ಕತ್ತರಿಸಿದಂತೆ ನಿಂತು ಕಂದು ನೆಲ ಪ್ರಾರಂಭವಾಗುತ್ತಿತ್ತು. ಕುಂತಿಬೆಟ್ಟದ ಎರಡು ಬಂಡೆಗಳು ಮುಂದೆ ಬಂದಾಗ ನಾನು ಕೈ ತೋರಿಸಿ ಜಾಗ ಹೇಳಿದೆ. ಅವರು ಅದರ ಮೇಲೆ ಹೋಗದೆ ಸುತ್ತಲೂ ಒಂದು ದೊಡ್ಡ ವೃತ್ತ ಹಾಕಿ, ವಿದ್ಯುತ್ ತಂತಿ ಎಲ್ಲಿದೆ ಎಂದು ಕೇಳಿದರು. ಪಂಪ್‌ಸೆಟ್ಟುಗಳಿಗೆ ಹೋಗುವ ಒಂದು ಲೈನ್ ಪಶ್ಚಿಮಕ್ಕಿದೆಯೆಂದು ನನಗೆ ನಿಶ್ಚಯವಾಗಿ ಗೊತ್ತಿತ್ತು, ಆದರೆ ಎಷ್ಟು ನೋಡಿದರೂ ಕಾಣಲಿಲ್ಲ. ಮೇಲಿನಿಂದ ತಂತಿ ಹೊಲದ ಬಣ್ಣದಲ್ಲಿ ಕರಗಿ ಹೋಗುತ್ತದೆ. ಕಂಬಗಳನ್ನು ನೋಡಿ, ಕಂಬ ಕಾಣದಿದ್ದರೆ ಕಂಬದ ನೆರಳನ್ನು ನೋಡಿ ಎಂದರು. ನೆರಳುಗಳು ಸಾಲಾಗಿ ಮಲಗಿದ್ದವು, ಗಾಳಿಗೆ ಎದುರಾಗಿ ಅವರು ಇಳಿದು ಬರಬೇಕಾದ ಹಾದಿಗೆ ಸರಿಯಾಗಿ ಅಡ್ಡವಾಗಿ.

ಅಲ್ಲಿಯೇ ಅವರು ವಿವರಿಸಿದರು. ಹೆಲಿಕಾಪ್ಟರ್ ನಿಂತಲ್ಲಿಯೇ ನೇರ ಕೆಳಗೆ ಬೇಗ ಇಳಿಯಲು ಹೊರಟರೆ, ತಾನೇ ಕೆಳಕ್ಕೆ ತಳ್ಳಿದ ಗಾಳಿಯ ಸುಳಿಗೆ ಸಿಕ್ಕಿ ಹಿಡಿತ ಕಳೆದುಕೊಳ್ಳುತ್ತದೆ; ಆದ್ದರಿಂದ ಗಾಳಿಗೆ ಮುಖ ಮಾಡಿ ಓರೆಯಾಗಿ, ಮುಂದಕ್ಕೆ ಚಲಿಸುತ್ತಲೇ ಇಳಿಯುತ್ತದೆ, ಏರುವಾಗಲೂ ಹಾಗೆಯೇ. ನಾನು ಇಷ್ಟು ವರ್ಷ ಚೊಕ್ಕಟವಾದ ನೆಲ ಮಾಡಿಸಿ, ಅದಕ್ಕೆ ಬಂದು ಸೇರುವ ಗಾಳಿಯೊಳಗಿನ ರಸ್ತೆಯ ಮೇಲೆ ತೆಂಗಿನ ಮರ, ತಂತಿ, ಮೊಬೈಲ್ ಗೋಪುರ ಎಲ್ಲವನ್ನೂ ಹಾಗೆಯೇ ಬಿಟ್ಟಿದ್ದೆ. ರಸ್ತೆ ಎಂಜಿನಿಯರಿಗೆ ಇದಕ್ಕಿಂತ ಮುಜುಗರದ ವಿಷಯ ಬೇಕಿಲ್ಲ. ಆ ಜಾಗದಲ್ಲಿ ಅಂದು ಇಳಿಯಲಿಲ್ಲ. ಕಾರ್ಯಕ್ರಮದ ಸ್ಥಳಕ್ಕೆ ಸ್ವಲ್ಪ ದೂರವಾದರೂ ದಾರಿ ತೆರವಾಗಿದ್ದ ಪ್ರೌಢಶಾಲೆಯ ಮೈದಾನವನ್ನು ಆರಿಸಿಕೊಂಡೆವು.

ನಂತರ ನನ್ನ ಕ್ರಮ ಬದಲಾಯಿತು. ಜಾಗ ಆರಿಸಲು ಹೋದಾಗ ನೆಲ ನೋಡುವ ಮೊದಲು ಆ ತಿಂಗಳಿನ ಗಾಳಿಯ ದಿಕ್ಕನ್ನು ವಿಚಾರಿಸುತ್ತಿದ್ದೆ. ಅದನ್ನು ಹೊಲದಲ್ಲಿ ತೂರಿ ಅನುಭವವಿರುವ ರೈತರಿಗಿಂತ ಚೆನ್ನಾಗಿ ಹೇಳುವವರಿಲ್ಲ. ನಮೂನೆಯ ಜೊತೆಗೆ ಕೈಯಿಂದ ಬರೆದ ನಕ್ಷೆಯೊಂದನ್ನು ಲಗತ್ತಿಸಿ, ಪ್ರತಿ ಕಂಬ, ಮರ, ಗೋಪುರದ ದೂರ ಮತ್ತು ಎತ್ತರವನ್ನು ನಮೂದಿಸುತ್ತಿದ್ದೆ. ತಂತಿಯ ಎರಡೂ ಕಡೆಯ ಕಂಬಗಳಿಗೆ ಕೆಂಪು ಬಟ್ಟೆ ಕಟ್ಟಿಸುತ್ತಿದ್ದೆ. ಅಕ್ಷಾಂಶವನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆಯುತ್ತಿದ್ದೆ, ಬ್ಯಾಂಕಿನ ಚೆಕ್ಕಿನ ಹಾಗೆ.

ಬಿಸಿಲಿನ ವಿಷಯ ತಿಳಿದದ್ದು ಒಂದು ಏಪ್ರಿಲ್‌ನಲ್ಲಿ. ಬಂದಷ್ಟೇ ಜನ ಹಿಂತಿರುಗಿ ಹತ್ತಿದಾಗ ಪೈಲಟ್ ಒಬ್ಬರನ್ನು ಇಳಿಸಿ ಕಾರಿನಲ್ಲಿ ಬನ್ನಿ ಎಂದುಬಿಟ್ಟರು, ಇಳಿದವರಿಗೆ ಅವಮಾನವೂ ಆಯಿತು. ಕಾರಣ ಸರಳ: ಕಾದ ಗಾಳಿ ತೆಳುವಾಗುತ್ತದೆ, ತೆಳು ಗಾಳಿಯಲ್ಲಿ ರೆಕ್ಕೆಗೂ ಎಂಜಿನ್ನಿಗೂ ಬಲ ಕಡಿಮೆ. ಮಂಡ್ಯ ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದಲ್ಲಿದೆ; 36 ಡಿಗ್ರಿ ಬಿಸಿಲಿನಲ್ಲಿ ಅಲ್ಲಿಯ ಗಾಳಿ ಯಂತ್ರಕ್ಕೆ ಐದು ಸಾವಿರ ಅಡಿ ಎತ್ತರದ ಗಾಳಿಯಂತೆ ವರ್ತಿಸುತ್ತದೆ. ನನ್ನ ಹೆಲಿಕಾಪ್ಟರಿನ ಲೆಕ್ಕದಲ್ಲಿ ಈ ಮಧ್ಯಾಹ್ನ ನಿಮ್ಮ ಮಂಡ್ಯ ಮಡಿಕೇರಿಗಿಂತ ಮೇಲಿದೆ ಎಂದು ಅವರು ಹೇಳಿದಾಗ, ಬೆವರು ಒರೆಸಿಕೊಳ್ಳುತ್ತಿದ್ದ ನಮಗೆ ನಗುವುದಕ್ಕೂ ತ್ರಾಣವಿರಲಿಲ್ಲ.

ನಿಜವಾಗಿ ಕೆಲಸಕ್ಕೆಂದೇ ಹಾರಿದ್ದು 2019ರ ಆಗಸ್ಟ್ ಪ್ರವಾಹದಲ್ಲಿ. ಕನ್ನಂಬಾಡಿಯಿಂದ ಲಕ್ಷ ಕ್ಯೂಸೆಕ್ ಮೀರಿ ನೀರು ಹೋಗುತ್ತಿತ್ತು, ಅತ್ತ ಕಪಿಲೆ ನಂಜನಗೂಡಿನಲ್ಲಿ ಊಟಿ ರಸ್ತೆಯನ್ನು ಮುಚ್ಚಿತ್ತು. ಹಾನಿಯಾದ ರಸ್ತೆ ಸೇತುವೆಗಳ ಪಟ್ಟಿ ಮಾಡುವುದಕ್ಕೆ ಹಿಂದಿನ ಆಸನದಲ್ಲಿ ನನಗೊಂದು ಜಾಗ ಸಿಕ್ಕಿತು. ನಾನು ಬಿಳಿ ಅಂಗಿ ಹಾಕಿಕೊಂಡು ಹೋಗಿದ್ದೆ. ಕಿಟಕಿಯ ಗಾಜಿನಲ್ಲಿ ಅದರ ಪ್ರತಿಬಿಂಬ ಬಿದ್ದು ತೆಗೆದ ಚಿತ್ರಗಳಲ್ಲಿ ಅರ್ಧದಷ್ಟು ನನ್ನ ಜೇಬಿನ ಚಿತ್ರಗಳಾದವು; ಈ ಕೆಲಸಕ್ಕೆ ಹೋಗುವವರು ಕಡುಬಣ್ಣದ ಅಂಗಿ ಹಾಕಿಕೊಳ್ಳಬೇಕು, ಕ್ಯಾಮೆರಾವನ್ನು ಗಾಜಿಗಾಗಲಿ ಕಿಟಕಿಯ ಚೌಕಟ್ಟಿಗಾಗಲಿ ಒರಗಿಸಬಾರದು, ಒರಗಿಸಿದರೆ ಯಂತ್ರದ ನಡುಕವೆಲ್ಲ ಚಿತ್ರಕ್ಕೆ ಇಳಿಯುತ್ತದೆ. ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಒಂದು ಕಿಲೋಮೀಟರ್ 18 ಸೆಕೆಂಡಿನಲ್ಲಿ ಮುಗಿಯುತ್ತದೆ. ಒಂದು ಸೇತುವೆಯ ಹೆಸರು ಬರೆಯುವಷ್ಟರಲ್ಲಿ ಇನ್ನೊಂದು ಹಿಂದೆ ಹೋಗಿರುತ್ತದೆ, ತಲೆ ತಗ್ಗಿಸಿ ಬರೆಯುತ್ತಿದ್ದರೆ ಹೊಟ್ಟೆ ತೊಳೆಸುತ್ತದೆ. ಕೊನೆಗೆ ಹೆಸರು ಬರೆಯುವುದನ್ನು ಬಿಟ್ಟು ನಕ್ಷೆಯ ಮೇಲೆ ಚುಕ್ಕೆ ಇಟ್ಟು ಸಂಖ್ಯೆ ಹಾಕುತ್ತಾ ಹೋದೆ.

ರಂಗನತಿಟ್ಟಿನಲ್ಲಿ ತಿಟ್ಟುಗಳಿರಲಿಲ್ಲ, ಕಂದು ನೀರಿನಿಂದ ಮರಗಳ ತಲೆ ಮಾತ್ರ ಎದ್ದಿದ್ದವು. ಶ್ರೀರಂಗಪಟ್ಟಣವನ್ನು ಎರಡು ಕವಲುಗಳು ಅಪ್ಪಿಕೊಂಡಿದ್ದವು. ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಮುಗಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳ ಸುತ್ತ ನೊರೆ ಕಟ್ಟಿತ್ತು. ಇವನ್ನು ಎಲ್ಲರೂ ಚಿತ್ರಗಳಲ್ಲಿ ನೋಡಿದ್ದಾರೆ. ನನ್ನ ಗಂಟಲು ಕಟ್ಟಿದ್ದು ಬೇರೆ ಕಡೆ. ನದಿಯಿಂದ ಸ್ವಲ್ಪ ಈಚೆ, ನಾನೇ ಎತ್ತರಿಸಿ ಅಗಲ ಮಾಡಿಸಿದ್ದ ಒಂದು ಊರ ರಸ್ತೆ ಕಂಡಿತು. ರಸ್ತೆಗೆ ಏನೂ ಆಗಿರಲಿಲ್ಲ. ಅದರ ಒಂದು ಮಗ್ಗುಲಿಗೆ ಭತ್ತದ ಗದ್ದೆಗಳು ನೆಟ್ಟಗೆ ಹಸಿರಾಗಿದ್ದವು, ಇನ್ನೊಂದು ಮಗ್ಗುಲಿಗೆ ಕೆರೆಯಂತೆ ನೀರು ನಿಂತು ಗದ್ದೆಯ ಬದುಗಳೇ ಕಾಣುತ್ತಿರಲಿಲ್ಲ. ಮೋರಿಗಳ ಬಾಯಿ ಸಾಲದೆ ರಸ್ತೆಯೇ ನೀರು ತಡೆಯುವ ಕೆರೆ ಏರಿಯಂತಾಗಿಬಿಟ್ಟಿತ್ತು. ಆ ರಸ್ತೆಯ ಮೇಲೆ ನಿಂತು ಎಷ್ಟು ಬಾರಿ ಅಳತೆ ಹಿಡಿದಿದ್ದರೂ ನನಗೆ ಇದು ಹೊಳೆದಿರಲಿಲ್ಲ. ಹಾನಿಯ ಪಟ್ಟಿಯಲ್ಲಿ ಹಾಳಾಗದ ಆ ರಸ್ತೆಗೂ ಒಂದು ಸಂಖ್ಯೆ ಹಾಕಿದೆ, ಮುಂದಿನ ಅಂದಾಜಿನಲ್ಲಿ ಎರಡು ಮೋರಿ ಹೆಚ್ಚಿಗೆ ಸೇರಿಸಿ ಕಳುಹಿಸಿದೆ.

ಮೋಜಿಗಾಗಿ ಹತ್ತಿದ್ದು ನಿವೃತ್ತಿಯ ನಂತರ, ಮೈಸೂರಿನಲ್ಲಿ ನೆಲೆಸಿದ ಮೇಲೆ ಒಂದು ದಸರೆಯಲ್ಲಿ. ಲಲಿತಮಹಲ್ ಅರಮನೆಯ ಹತ್ತಿರದ ಹೆಲಿಪ್ಯಾಡಿನಿಂದ ಹತ್ತು ನಿಮಿಷದ ಸುತ್ತು. ಅಲ್ಲಿ ಹೆಲಿ ಪ್ರವಾಸೋದ್ಯಮಕ್ಕಾಗಿ ಮರ ಕಡಿಯುವ ಪ್ರಸ್ತಾಪ 2021ರಲ್ಲಿ ಬಂದಾಗ ಮೈಸೂರಿನವರು ಎದ್ದು ನಿಂತು ವಿರೋಧಿಸಿದ್ದರು. ಮರಗಳ ವಿಷಯದಲ್ಲಿ ಪೈಲಟ್‌ಗಳ ಕಷ್ಟವೂ ನನಗೆ ಗೊತ್ತು, ಆದರೂ ಮರಗಳನ್ನು ಬಿಟ್ಟು ದಾರಿ ಹುಡುಕುವುದು ಸಾಧ್ಯವಾಗದ ಕೆಲಸವಲ್ಲ ಎಂಬುದೇ ನನ್ನ ಅಭಿಪ್ರಾಯ.

ಹೆಂಡತಿ, ಮೊಮ್ಮಗಳು, ನಾನು ಸಾಲಿನಲ್ಲಿ ನಿಂತು ತೂಕ ಮಾಡಿಸಿಕೊಂಡೆವು. ಈ ಬಾರಿ ಸುಳ್ಳಿಗೆ ಅವಕಾಶವಿರಲಿಲ್ಲ, ಯಂತ್ರವೇ ಇಟ್ಟಿದ್ದರು. ಚಾಮುಂಡಿಬೆಟ್ಟದ ಮಗ್ಗುಲನ್ನು ಬಳಸಿ, ಕಾರಂಜಿ ಕೆರೆಯನ್ನು ಎಡಕ್ಕೆ ಬಿಟ್ಟು, ಅರಮನೆಯ ಗುಮ್ಮಟಗಳನ್ನೂ ಸಂತ ಫಿಲೋಮಿನಾ ಚರ್ಚಿನ ಜೋಡಿ ಶಿಖರಗಳನ್ನೂ ದೂರದಿಂದ ತೋರಿಸಿ ತಿರುಗಿಸಿದರು. ಮೊಮ್ಮಗಳು ಕಂಡ ಕಂಡ ಮನೆಯನ್ನೆಲ್ಲ ನಮ್ಮದೇ ಎಂದಳು. ಇಳಿಯುವ ಹೊತ್ತಿಗೆ ಗಾಳಿ ತಿರುಗಿತ್ತು, ಏರಿದ ದಿಕ್ಕನ್ನು ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ಬಂದೆವು. ನಾನು ಮಾತ್ರ ಕಂಬದ ನೆರಳುಗಳನ್ನು ಎಣಿಸುತ್ತಿದ್ದೆ. ಅರಮನೆ ಹೇಗೆ ಕಂಡಿತು ಎಂದು ಹೆಂಡತಿ ಕೇಳಿದಾಗ ನನಗೆ ಸರಿಯಾಗಿ ಹೇಳಲು ಬರಲಿಲ್ಲ.

ಮನೆಗೆ ಬಂದ ಮೇಲೆ ಒಗೆಯುವುದಕ್ಕೆಂದು ಅಂಗಿ ತೆಗೆದುಕೊಂಡವಳು ಜೇಬಿನಿಂದ ಮಡಚಿಟ್ಟಿದ್ದ ಎರಡು ಖಾಲಿ ಚಿಪ್ಸ್ ಪೊಟ್ಟಣಗಳನ್ನು ತೆಗೆದು, ಇದನ್ನು ಯಾವಾಗ ತಿಂದಿರಿ ಎಂದು ಕೇಳಿದಳು. ಸಾಲಿನಲ್ಲಿ ನಿಂತಿದ್ದಾಗ ಬೇಲಿಯ ಬುಡದಲ್ಲಿ ಬಿದ್ದಿದ್ದವು, ಬಗ್ಗಿ ಆಯ್ದುಕೊಂಡಿದ್ದೆ.