ಕ್ಯಾಸಿನೊದಲ್ಲಿ ತಕರಾರಾದರೆ ಏನು ಮಾಡಬೇಕು? ಮೇಜು ಬಿಟ್ಟು ಏಳುವ ಮೊದಲೇ ಶುರು ಮಾಡಿ

ಮೂರು ವರ್ಷದ ಹಿಂದೆ ನಮ್ಮ ಭಾವ ಗೆಳೆಯರ ಜೊತೆ ಹುಬ್ಬಳ್ಳಿಯಿಂದ ಪಣಜಿಗೆ ಹೋಗಿದ್ದರು. ಮಾಂಡೋವಿ ನದಿಯಲ್ಲಿ ನಿಂತಿರುವ ಕ್ಯಾಸಿನೊ ಹಡಗೊಂದರಲ್ಲಿ ಅಂಕಿ ಬರೆದ ಚಕ್ರದಲ್ಲಿ ಗೋಲಿ ಸುತ್ತಿಸುವ ರೂಲೆಟ್ ಆಡಲು ಕೂತರು. 17ರ ಮೇಲೆ ಐನೂರು ರೂಪಾಯಿಯ ಒಂದು ಚಿಪ್ (ಹಣದ ಬದಲು ಕಟ್ಟುವ ಬಿಲ್ಲೆ) ಇಟ್ಟರು. ಗೋಲಿ ಸುತ್ತಿ ಸುತ್ತಿ 17ಕ್ಕೇ ಬಿತ್ತು. ಒಂದೇ ಅಂಕಿಗೆ 35 ಪಟ್ಟು, ಅಂದರೆ 17,500 ರೂಪಾಯಿ ಬರಬೇಕು. ಆಟ ನಡೆಸುವ ಡೀಲರ್ 8,500 ತಳ್ಳಿದ. ಚಿಪ್ಪು 17 ಮತ್ತು 20ರ ನಡುವಿನ ಗೆರೆ ಮುಟ್ಟಿತ್ತು, ಎರಡು ಅಂಕಿಗೆ ಸೇರಿ ಕಟ್ಟಿದ ಹಾಗೆ, ಅದಕ್ಕೆ 17 ಪಟ್ಟೇ ಎಂದ.

ಭಾವನಿಗೆ ಸಿಟ್ಟು ಬಂತು. ಎದ್ದು ಊಟಕ್ಕೆ ಹೋದರು. ಮುಕ್ಕಾಲು ಗಂಟೆ ಬಿಟ್ಟು ಬಂದು ಮ್ಯಾನೇಜರ್‌ಗೆ ಹೇಳಿದಾಗ, 'ಆಗಲೇ ಹೇಳಬೇಕಿತ್ತು ಸರ್' ಎಂಬ ಉತ್ತರ ಸಿಕ್ಕಿತು. ಎಷ್ಟು ಗಂಟೆಗೆ ಆಗಿದ್ದು, ಯಾವ ಮೇಜು, ಡೀಲರ್ ಹೆಸರೇನು ಅಂತ ಕೇಳಿದರೆ ಇವರ ಹತ್ತಿರ ಒಂದಕ್ಕೂ ಉತ್ತರ ಇರಲಿಲ್ಲ. ಚಿಪ್ಪು ನಿಜವಾಗಿ ಎಲ್ಲಿತ್ತು ಅನ್ನುವುದು ಅಲ್ಲಿಗೆ ಮುಗಿದುಹೋದ ಮಾತಾಯಿತು.

ನಮ್ಮ ರಾಜ್ಯದಲ್ಲಿ ಕ್ಯಾಸಿನೊ ಇಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಪ್ರಕಾರ ಜೂಜು ಅಪರಾಧ. ಆದರೆ ಬೆಳಗಾವಿ, ಹುಬ್ಬಳ್ಳಿ, ಕಾರವಾರದವರಿಗೆ ಗೋವಾ ಪಕ್ಕದ ಮನೆ ಇದ್ದ ಹಾಗೆ. ಬೆಂಗಳೂರಿನಿಂದಲೂ ಶುಕ್ರವಾರ ರಾತ್ರಿ ಬಸ್ಸು ಹತ್ತುವವರು ಕಡಿಮೆ ಇಲ್ಲ. ಹೋಗಬೇಡಿ ಎನ್ನುವುದು ನನ್ನ ಮನಸ್ಸಿನ ಮಾತು. ಹೋದವರಿಗೆ ಮೋಸ ಆಗಬಾರದು ಎನ್ನುವುದೂ ಅಷ್ಟೇ ನಿಜ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು: ಇದು ತಕರಾರೋ, ಸೋಲೋ?

ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಕೊಟ್ಟುಕೊಳ್ಳಿ. ಐವತ್ತು ಸಾವಿರ ಕಳೆದುಕೊಂಡಿದ್ದು ದೂರಲ್ಲ. ಚಕ್ರದಲ್ಲಿ 1ರಿಂದ 36 ಅಂಕಿ, ಜೊತೆಗೆ ಒಂದು ಸೊನ್ನೆ, ಒಟ್ಟು 37 ಮನೆ ಇರುತ್ತವೆ. ಕೊಡುವುದು 35 ಪಟ್ಟು. ಕ್ಯಾಸಿನೊದವರಿಗೆ ಲಾಭ ಆ ಲೆಕ್ಕದಲ್ಲೇ ಕೂತಿದೆ, ಅದಕ್ಕೆ ಮೋಸ ಬೇಕಾಗಿಲ್ಲ. ತಕರಾರು ಅಂದರೆ ಬೇರೆ: ಗೆದ್ದ ಆಟಕ್ಕೆ ಕಡಿಮೆ ಕೊಟ್ಟರು, 'ನೋ ಮೋರ್ ಬೆಟ್ಸ್' (ಇನ್ನು ಕಟ್ಟುವಂತಿಲ್ಲ) ಎನ್ನುವ ಮೊದಲೇ ಇಟ್ಟ ಚಿಪ್ಪನ್ನು ತಳ್ಳಿಹಾಕಿದರು, ಯಂತ್ರ ಗೆಲುವು ತೋರಿಸಿಯೂ ಹಣ ಬರಲಿಲ್ಲ, ಕಾರ್ಡು ಎರಡು ಸಲ ಉಜ್ಜಿದರು, ಹೇಳಿದ ಪ್ಯಾಕೇಜೇ ಬೇರೆ ಕೊಟ್ಟಿದ್ದೇ ಬೇರೆ. ನಿಯಮ ಮುರಿದದ್ದು ಎಲ್ಲಿ ಎಂದು ಒಂದೇ ವಾಕ್ಯದಲ್ಲಿ ಹೇಳಲು ಬಂದರೆ ಮುಂದಕ್ಕೆ ಹೋಗಿ.

ಟಿಕೆಟ್ ಕೊಳ್ಳುವಾಗಲೇ ಕೇಳಿ

ಕ್ಯಾಶ್ ಕೌಂಟರ್ ಮುಂದೆ ಆಗುವ ಜಗಳಕ್ಕೆ ಬೀಜ ಬೀಳುವುದು ಪ್ರವೇಶದ ಬಾಗಿಲಲ್ಲೇ. ಪ್ಯಾಕೇಜಿನ ಜೊತೆ ಕೊಡುವ ಚಿಪ್ಪುಗಳಲ್ಲಿ ಹಲವು 'ಓಟಿಪಿ', ಅಂದರೆ ಒಂದೇ ಸಲ ಆಡಲು ಬರುವಂಥವು. ಬ್ಯಾಂಕಿನ ಓಟಿಪಿಗೂ ಇದಕ್ಕೂ ಸಂಬಂಧವಿಲ್ಲ. ಆ ಚಿಪ್ಪು ಇಟ್ಟು ಗೆದ್ದರೆ ಗೆಲುವು ನಿಮ್ಮದು, ಚಿಪ್ಪು ಮಾತ್ರ ಹಣವಾಗುವುದಿಲ್ಲ. ಎರಡು ಸಾವಿರದ ಓಟಿಪಿ ಚಿಪ್ಪು ಹಿಡಿದು ಹಣ ಕೇಳಿದರೆ ಸಿಕ್ಕುವುದಿಲ್ಲ.

ಜಿಎಸ್‌ಟಿ ಇನ್ನೊಂದು. 2023ರ ಅಕ್ಟೋಬರ್ 1ರಿಂದ ಚಿಪ್ಪು ಕೊಳ್ಳಲು ಕೊಡುವ ಪೂರ್ತಿ ಹಣದ ಮೇಲೆ ಶೇ 28 ತೆರಿಗೆ ಬಂತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40 ಆಗಿದೆ. ಒಂದೂ ಆಟ ಆಡದೆ ಚಿಪ್ಪು ವಾಪಸ್ ಕೊಟ್ಟರೂ ಈ ತೆರಿಗೆ ಕಳೆಯುವುದಿಲ್ಲ. ಆದ್ದರಿಂದ ಕೌಂಟರಿನಲ್ಲಿ ಒಂದೇ ಪ್ರಶ್ನೆ ಕೇಳಿ: 'ನಾನು ಹತ್ತು ಸಾವಿರ ಕೊಟ್ಟರೆ ಹಣವಾಗುವ ಚಿಪ್ಪು ಎಷ್ಟು ಕೊಡುತ್ತೀರಿ?' ಉತ್ತರವನ್ನು ರಸೀದಿಯ ಜೊತೆ ತಾಳೆ ನೋಡಿ. ರಸೀದಿ ಬಿಸಾಡಬೇಡಿ.

ಮೇಜಿನ ಮುಂದೆ ಐದು ನಿಮಿಷ

ನನ್ನ ಮಟ್ಟಿಗೆ ಇದೇ ಮುಖ್ಯ ಭಾಗ. ಗೋಲಿ ಬಿದ್ದ ಮೇಲೆ ಡೀಲರ್ ಗೆದ್ದ ಅಂಕಿಯ ಮೇಲೆ ಗುರುತಿನ ಸಣ್ಣ ಬೊಂಬೆ ಇಡುತ್ತಾನೆ. ಆಮೇಲೆ ಸೋತ ಚಿಪ್ಪುಗಳನ್ನು ಕೈಯಿಂದ ಬಳಿದು ತನ್ನ ಕಡೆ ಎಳೆದುಕೊಳ್ಳುತ್ತಾನೆ. ಕೊನೆಗೆ ಗೆದ್ದವರಿಗೆ ಕೊಡುತ್ತಾನೆ. ನಿಮ್ಮ ಚಿಪ್ಪು ಎಲ್ಲಿತ್ತು ಎನ್ನುವುದಕ್ಕೆ ಸಾಕ್ಷಿ ಆ ಚಿಪ್ಪೇ. ಅದು ಜಾಗ ಬಿಡುವ ಮುಂಚೆ ಕೈ ಎತ್ತಿ, 'ಒಂದು ನಿಮಿಷ, ಇದು ತಪ್ಪಾಗಿದೆ, ಸೂಪರ್‌ವೈಸರ್ ಕರೀರಿ' ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ. ಚಿಪ್ಪನ್ನು ನೀವು ಮುಟ್ಟಲು ಹೋಗಬೇಡಿ. ಮುಟ್ಟಿದರೆ ತಪ್ಪು ನಿಮ್ಮದೇ ಆಗುತ್ತದೆ.

ಕಡಿಮೆ ಕೊಟ್ಟ ಚಿಪ್ಪುಗಳನ್ನು ಜೇಬಿಗೆ ಹಾಕಿಕೊಳ್ಳಬೇಡಿ, ಬೇರೆ ಚಿಪ್ಪಿನ ಜೊತೆ ಬೆರೆಸಬೇಡಿ. ಮುಂದಿನ ಆಟವನ್ನೂ ಕಟ್ಟಬೇಡಿ. ಮತ್ತೆ ಆಡಿದರೆ ಒಪ್ಪಿಕೊಂಡ ಹಾಗೆ ಕಾಣುತ್ತದೆ, ಅಲ್ವಾ? ಬ್ಲ್ಯಾಕ್‌ಜಾಕ್‌ನಂಥ ಇಸ್ಪೀಟಾಟ ಆದರೆ ಎಲೆಗಳು ಮೇಜಿನ ಮೇಲೇ ಇರಲಿ ಎಂದು ಕೇಳಿ. ಸ್ಲಾಟ್ ಯಂತ್ರವಾದರೆ ಯಾವ ಗುಂಡಿಯನ್ನೂ ಒತ್ತಬೇಡಿ, ಕುರ್ಚಿ ಬಿಡಬೇಡಿ, ಸಿಬ್ಬಂದಿಯನ್ನು ಅಲ್ಲಿಗೇ ಕರೆಸಿ.

ಆಟದ ಜಾಗದಲ್ಲಿ ಫೋಟೊ, ವಿಡಿಯೊ ತೆಗೆಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಹಾಗಾಗಿ ಬರೆದುಕೊಳ್ಳಿ. ಗಂಟೆ ಮತ್ತು ನಿಮಿಷ, ಮೇಜಿನ ನಂಬರು, ಡೀಲರ್ ಎದೆಯ ಮೇಲಿನ ಹೆಸರು, ಗೆದ್ದ ಅಂಕಿ, ಕಟ್ಟಿದ ಮೊತ್ತ, ಕೊಟ್ಟ ಮೊತ್ತ. ಪಕ್ಕದಲ್ಲಿ ಕೂತು ನೋಡಿದವರು ಒಪ್ಪಿದರೆ ಅವರ ನಂಬರನ್ನೂ ತೆಗೆದುಕೊಳ್ಳಿ. ಭಾವ ಈಗ ಅಂಗಿ ಜೇಬಿನಲ್ಲಿ ಒಂದು ಚಿಕ್ಕ ಪುಸ್ತಕ, ಪೆನ್ನು ಇಟ್ಟುಕೊಂಡೇ ಹೋಗುತ್ತಾರೆ. ಫೋನಿನಲ್ಲಿ ಟೈಪ್ ಮಾಡಿದರೆ ಫೋಟೊ ತೆಗೆಯುತ್ತಿದ್ದೀರಿ ಎಂದು ಕಾವಲಿನವರು ಬರುತ್ತಾರಂತೆ.

ಕ್ಯಾಮೆರಾ ನೋಡಿಸಿ

ಡೀಲರ್ ಮೇಲೆ ಪಿಟ್ ಬಾಸ್, ಅಂದರೆ ಮೇಜುಗಳ ಉಸ್ತುವಾರಿ, ಅವರ ಮೇಲೆ ಪಾಳಿಯ ಮ್ಯಾನೇಜರ್. ಡೀಲರ್ ಜೊತೆ ವಾದ ಮಾಡಿ ಪ್ರಯೋಜನವಿಲ್ಲ, ಅವನಿಗೆ ತೀರ್ಮಾನ ಬದಲಿಸುವ ಅಧಿಕಾರವೇ ಇರುವುದಿಲ್ಲ. ಪಿಟ್ ಬಾಸ್ ಬಂದರೆ, 'ದಯವಿಟ್ಟು ಈ ಸುತ್ತಿನ ಕ್ಯಾಮೆರಾ ನೋಡಿ ಹೇಳಿ' ಎನ್ನಿ. ಪ್ರತಿ ಮೇಜಿನ ಮೇಲೂ ಕ್ಯಾಮೆರಾ ಇರುತ್ತದೆ. ಅದು ಕ್ಯಾಸಿನೊದ ರಕ್ಷಣೆಗೆ ಇಟ್ಟಿದ್ದು, ಆದರೆ ನಿಮಗೂ ಅದೇ ಸಾಕ್ಷಿ. ದೃಶ್ಯವನ್ನು ನಿಮಗೆ ತೋರಿಸುವುದು ಅಪರೂಪ. ಅವರೇ ನೋಡಿ ಬಂದು ಹೇಳುತ್ತಾರೆ. ಯಾರು ನೋಡಿದರು, ಏನು ಹೇಳಿದರು ಎಂದು ಬರೆದುಕೊಳ್ಳಿ.

ಧ್ವನಿ ಏರಿಸಬೇಡಿ. ಹೆಚ್ಚು ಕುಡಿದಿದ್ದರೆ ಜೊತೆಯವರೊಬ್ಬರು ಮಾತಾಡಲಿ. ಗಲಾಟೆ ಮಾಡಿದ ಎಂದು ಹೊರಗೆ ಕಳಿಸಿದರೆ, ಮಾರನೇ ದಿನ ದಾಖಲೆಯಲ್ಲಿ ಉಳಿಯುವುದು ಗಲಾಟೆ ಮಾತ್ರ.

ಹಡಗು ಇಳಿದ ಮೇಲೆ ಕಾಗದ

ಸರಿಹೋಗಲಿಲ್ಲ ಅಂದರೆ ಅದೇ ದಿನ ಅಥವಾ ಮಾರನೇ ದಿನ ಇಮೇಲ್ ಮಾಡಿ. ಬೈಗುಳ ಬೇಡ, ಕತೆಯೂ ಬೇಡ. ಹೀಗಿದ್ದರೆ ಸಾಕು:

'ಇಂಥ ತಾರೀಕು ರಾತ್ರಿ 10.40ರ ಸುಮಾರಿಗೆ, ಇಷ್ಟನೇ ನಂಬರಿನ ರೂಲೆಟ್ ಮೇಜಿನಲ್ಲಿ 17ರ ಮೇಲೆ 500 ರೂಪಾಯಿ ಕಟ್ಟಿದ್ದೆ. 17 ಬಂತು. 17,500 ಬದಲು 8,500 ಕೊಟ್ಟರು. ಕೂಡಲೇ ಪಿಟ್ ಬಾಸ್‌ಗೆ ತಿಳಿಸಿದೆ. ಉಳಿದ 9,000 ಕೊಡಬೇಕು. ಆ ಮೇಜಿನ ರಾತ್ರಿ 10.30ರಿಂದ 11ರವರೆಗಿನ ಕ್ಯಾಮೆರಾ ದೃಶ್ಯಗಳನ್ನು ಅಳಿಸದೆ ಕಾಯ್ದಿಡಬೇಕು. 15 ದಿನದೊಳಗೆ ಬರಹದಲ್ಲಿ ಉತ್ತರ ಕೊಡಿ.'

ದೃಶ್ಯ ಕಾಯ್ದಿಡಿ ಎನ್ನುವ ಸಾಲು ಮರೆಯಬೇಡಿ. ಕ್ಯಾಮೆರಾದ ಹಳೆಯ ದೃಶ್ಯಗಳು ಹೊಸದಕ್ಕೆ ಜಾಗ ಮಾಡಲು ಅಳಿಸಿಹೋಗುತ್ತವೆ. ಇದನ್ನು ಇಂಗ್ಲಿಷಿನಲ್ಲಿ ಕಳಿಸಿ, ರಸೀದಿಯ ಪ್ರತಿ ಲಗತ್ತಿಸಿ. ಆಮೇಲೆ ಫೋನಿನಲ್ಲಿ ಮಾತಾಡಿದರೂ, 'ಇವತ್ತು ನೀವು ಹೀಗೆ ಹೇಳಿದಿರಿ' ಎಂದು ಒಂದು ಸಾಲು ಇಮೇಲ್ ಹಾಕಿ.

ಅವರು ಕೇಳದಿದ್ದರೆ ಯಾರ ಹತ್ತಿರ?

ಗೋವಾದ ಕ್ಯಾಸಿನೊಗಳು ನಡೆಯುವುದು 1976ರ ಜೂಜು ಕಾಯ್ದೆಯ ಅಡಿ. ಪಂಚತಾರಾ ಹೋಟೆಲಿನಲ್ಲಿ ಯಂತ್ರದಾಟಕ್ಕೆ 1992ರಲ್ಲಿ, ಹಡಗಿಗೆ 1996ರಲ್ಲಿ ತಿದ್ದುಪಡಿಯಿಂದ ದಾರಿಯಾಯಿತು. ಪರವಾನಗಿ ಕೊಡುವುದು ಅಲ್ಲಿನ ಗೃಹ ಇಲಾಖೆ. 2020ರಲ್ಲಿ ವಾಣಿಜ್ಯ ತೆರಿಗೆ ಆಯುಕ್ತರನ್ನೇ ಗೇಮಿಂಗ್ ಕಮಿಷನರ್ ಎಂದೂ ನೇಮಿಸಿದರು. ನಿಮ್ಮ ದೂರಿನ ಪ್ರತಿ ಈ ಎರಡೂ ಕಡೆ ಹೋಗಲಿ. ಪರವಾನಗಿ ಕೈಯಲ್ಲಿ ಹಿಡಿದವರಿಂದ ಒಂದು ಪತ್ರ ಬಂದರೆ ಅದಕ್ಕೆ ತೂಕ ಇರುತ್ತದೆ.

ಕೋರ್ಟಿಗೆ ಹೋಗ್ತೀನಿ ಎಂದು ಹೆದರಿಸುವ ಮೊದಲು ಒಂದು ವಿಷಯ ತಿಳಿದಿರಲಿ. 1872ರ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಪಣದ ಒಪ್ಪಂದ ಊರ್ಜಿತವಲ್ಲ, ಪಣದಲ್ಲಿ ಗೆದ್ದದ್ದನ್ನು ಕೊಡಿಸಿ ಎಂದು ದಾವೆ ಹಾಕಲು ಬರುವುದಿಲ್ಲ. ಕ್ಯಾಸಿನೊದವರ ವಕೀಲರು ಮೊದಲು ಎತ್ತುವುದು ಇದನ್ನೇ. ಮೇಜಿನ ಮುಂದಿನ ಐದು ನಿಮಿಷವನ್ನು ನಾನು ಅಷ್ಟು ಒತ್ತಿ ಹೇಳಿದ್ದು ಇದಕ್ಕೇ. ಉದ್ದೇಶಪೂರ್ವಕ ಮೋಸ ಎನ್ನಲು ಆಧಾರ ಇದ್ದರೆ ಪಣಜಿ ಪೊಲೀಸರಿಗೆ ದೂರು ಕೊಡಬಹುದು. ವಂಚನೆಗೆ ಈಗ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮು ಇದೆ.

ಆಟಕ್ಕೆ ಸಂಬಂಧವಿಲ್ಲದ ತಕರಾರುಗಳಿಗೆ ದಾರಿ ಸಲೀಸು. ಕೋಣೆ, ಊಟ, ಪ್ಯಾಕೇಜಿನ ವಿಷಯವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕಾರ್ಡಿನಿಂದ ಎರಡು ಸಲ ಹಣ ಹೋಗಿದ್ದರೆ ನಿಮ್ಮ ಬ್ಯಾಂಕಿಗೆ ಬರೆಯಿರಿ. 30 ದಿನದಲ್ಲಿ ಸರಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಿ, ಅದಕ್ಕೆ ಶುಲ್ಕವಿಲ್ಲ. ಗೆಲುವಿನಲ್ಲಿ ಶೇ 30 ಟಿಡಿಎಸ್ ಕಡಿದಿದ್ದರೆ ಪ್ರಮಾಣಪತ್ರ ಕೇಳಿ ಪಡೆಯಿರಿ. ಆ ಹಣ ನಿಮ್ಮ ಪ್ಯಾನ್ ಹೆಸರಿಗೆ ಬಿದ್ದಿದೆಯಾ ಎಂದು ತೆರಿಗೆ ಪೋರ್ಟಲಿನಲ್ಲಿ ನೋಡಿ.

ಲಾಸ್ ವೇಗಸ್‌ಗೆ ಹೋದವರಿಗೆ

ಕ್ಯಾಲಿಫೋರ್ನಿಯಾದಲ್ಲಿರುವ ಮಕ್ಕಳ ಮನೆಗೆ ಹೋದ ಅಪ್ಪ ಅಮ್ಮಂದಿರನ್ನು ವೇಗಸ್ ನೋಡಲು ಕರೆದುಕೊಂಡು ಹೋಗುವುದು ಮಾಮೂಲು. ಅಲ್ಲಿ ಆಟಗಾರನ ಕೈ ಸ್ವಲ್ಪ ಗಟ್ಟಿ. ವೇಗಸ್ ಇರುವ ನೆವಾಡಾ ರಾಜ್ಯದ ಕಾನೂನಿನಂತೆ 500 ಡಾಲರ್ ಅಥವಾ ಹೆಚ್ಚಿನ ತಕರಾರಾದರೆ ಕ್ಯಾಸಿನೊದವರೇ ಕೂಡಲೇ ಅವರ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಗೇಮಿಂಗ್ ಕಂಟ್ರೋಲ್ ಬೋರ್ಡ್‌ಗೆ ತಿಳಿಸಬೇಕು. ಕಡಿಮೆಯದಾದರೆ, ಬೋರ್ಡ್‌ನಿಂದ ವಿಚಾರಣೆ ಕೇಳುವ ಹಕ್ಕು ನಿಮಗಿದೆ ಎಂದು ನಿಮಗೆ ಹೇಳಬೇಕು. ಬೋರ್ಡಿನ ಅಧಿಕಾರಿ 45 ದಿನದಲ್ಲಿ ತೀರ್ಮಾನ ಬರೆದು ಕೊಡುತ್ತಾರೆ. ಒಪ್ಪಿಗೆಯಾಗದಿದ್ದರೆ 20 ದಿನದೊಳಗೆ ಮರುವಿಚಾರಣೆ ಕೇಳಬೇಕು. ಊರಿಗೆ ವಿಮಾನ ಹತ್ತುವ ಮುಂಚೆ ಈ ತಾರೀಕುಗಳನ್ನು ಗುರುತು ಹಾಕಿಕೊಳ್ಳಿ.

ಆ ಬೋರ್ಡ್ ಎಷ್ಟು ದೂರ ಹೋಗುತ್ತದೆ ಎನ್ನುವುದಕ್ಕೆ ಒಂದು ಪ್ರಸಂಗ. 2022ರ ಜನವರಿ 8ರಂದು ಅರಿಜೋನಾದ ಒಬ್ಬರು ವೇಗಸ್‌ನ ಟ್ರೆಷರ್ ಐಲೆಂಡ್ ಕ್ಯಾಸಿನೊದಲ್ಲಿ ಸ್ಲಾಟ್ ಆಡಿದರು. ಯಂತ್ರದ ಸಂಪರ್ಕದ ದೋಷದಿಂದ ಜಾಕ್‌ಪಾಟ್ ಹೊಡೆದದ್ದು ಅವರಿಗೂ ಕಾಣಲಿಲ್ಲ, ಸಿಬ್ಬಂದಿಗೂ ಕಾಣಲಿಲ್ಲ. ಅವರು ಎದ್ದು ಊರಿಗೆ ಹೋದರು. ಬೋರ್ಡಿನವರು ಗಂಟೆಗಟ್ಟಲೆ ಕ್ಯಾಮೆರಾ ದೃಶ್ಯ ನೋಡಿ, ಸಾಕ್ಷಿಗಳನ್ನು ಮಾತಾಡಿಸಿ, ಆ್ಯಪ್ ಟ್ಯಾಕ್ಸಿಗಳ ದಾಖಲೆ ಹುಡುಕಿ ಅವರನ್ನು ಪತ್ತೆ ಮಾಡಿ 2,29,368 ಡಾಲರ್ ಚಿಲ್ಲರೆ ಕೊಡಿಸಿದರು.

ಇದರ ಪಕ್ಕದಲ್ಲೇ ಐಯೊವಾ ರಾಜ್ಯದ ಕ್ಯಾಸಿನೊದಲ್ಲಿ ಆಡಿದ ಅಜ್ಜಿಯೊಬ್ಬರ ಕತೆಯೂ ಗೊತ್ತಿರಲಿ. 2011ರಲ್ಲಿ ಅವರ ಯಂತ್ರದ ಪರದೆ 4 ಕೋಟಿ 10 ಲಕ್ಷ ಡಾಲರ್‌ಗೂ ಹೆಚ್ಚಿನ ಬೋನಸ್ ತೋರಿಸಿತು. ಆ ಆಟದ ನಿಯಮದಲ್ಲಿ ಬೋನಸ್ಸೇ ಇರಲಿಲ್ಲ. 2015ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅವರಿಗೆ ಸಿಗುವುದು ಆ ಸುತ್ತಿನಲ್ಲಿ ಗೆದ್ದ 1.85 ಡಾಲರ್ ಮಾತ್ರ ಎಂದಿತು. ಯಂತ್ರ ಕೆಟ್ಟರೆ ಆಟವೂ ಇಲ್ಲ, ಗೆಲುವೂ ಇಲ್ಲ ಎಂಬ ಸಾಲು ಯಂತ್ರದ ಮೇಲೆ ಬರೆದಿರುತ್ತದೆ. ಹಣ ಹಾಕುವ ಮೊದಲು ಅದನ್ನು, ಗೆಲುವಿನ ಪಟ್ಟಿಯನ್ನು ಓದಿ.

ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ದಾರಿ ಇನ್ನೂ ಚೊಕ್ಕ. ಮೊದಲು ಕಂಪನಿಗೆ ದೂರು. ಎಂಟು ವಾರದಲ್ಲಿ ಬಗೆಹರಿಯದಿದ್ದರೆ ಅವರು ಹೆಸರಿಸಿರುವ ಸ್ವತಂತ್ರ ಸಂಧಾನ ಸಂಸ್ಥೆಗೆ ಹೋಗಬಹುದು, ಅದು ಉಚಿತ. ಅಲ್ಲಿ 2007ರ ಸೆಪ್ಟೆಂಬರ್‌ನಿಂದ ಜೂಜಿನ ಬಾಕಿಗೆ ಕೋರ್ಟಿಗೂ ಹೋಗಬಹುದು.

ಆನ್‌ಲೈನ್ ಕ್ಯಾಸಿನೊ ಆದರೆ

ಇಲ್ಲಿ ಮೇಲಿನ ಯಾವ ಹೆಜ್ಜೆಯೂ ನಡೆಯುವುದಿಲ್ಲ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಕಾಯ್ದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟ ನಡೆಸುವುದನ್ನೇ ನಿಷೇಧಿಸುತ್ತದೆ. ನಡೆಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಟೆಲಿಗ್ರಾಂನಲ್ಲಿ ಲಿಂಕ್ ಕಳಿಸಿ ಹಣ ಹಾಕಿಸಿಕೊಳ್ಳುವವರಿಗೆ ಇಲ್ಲಿ ಕಚೇರಿ ಇಲ್ಲ, ಪರವಾನಗಿ ಇಲ್ಲ.

ಪರದೆ ಮೇಲೆ ಮೂರು ಲಕ್ಷ ಗೆದ್ದಿದ್ದೀರಿ ಎಂದು ತೋರಿಸಿ, 'ಹಣ ಬಿಡಿಸಲು ಮೊದಲು ಮೂವತ್ತು ಸಾವಿರ ತೆರಿಗೆ ಕಟ್ಟಿ' ಎಂದರೆ ಅಲ್ಲಿಗೇ ನಿಲ್ಲಿಸಿ. ತೆರಿಗೆಯನ್ನು ಗೆಲುವಿನಲ್ಲೇ ಕಡಿಯುತ್ತಾರೆ, ಮುಂಗಡ ಕೇಳುವುದಿಲ್ಲ. ಇನ್ನೊಂದು ರೂಪಾಯಿಯನ್ನೂ ಹಾಕಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆಮೇಲೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ದೂರು ದಾಖಲಿಸಿ. ಯುಪಿಐ ವಹಿವಾಟಿನ ನಂಬರು, ಹಣ ಹೋದ ಖಾತೆ, ಚಾಟ್‌ನ ಸ್ಕ್ರೀನ್‌ಶಾಟ್ ಸಿದ್ಧವಿರಲಿ. ಬೇಗ ಹೇಳಿದಷ್ಟೂ ಹಣ ಮುಂದಿನ ಖಾತೆಗೆ ಜಾರುವ ಮೊದಲೇ ತಡೆಯಲು ಆಗುತ್ತದೆ. ನಾನೂ ಆಡಿದ್ದೆನಲ್ಲ, ಪೊಲೀಸರು ನನ್ನನ್ನೇ ಹಿಡಿದರೆ ಎಂದು ಎಷ್ಟೋ ಜನ ಸುಮ್ನೆ ಕೂರುತ್ತಾರೆ. ಈ ಹೊಸ ಕಾಯ್ದೆಯಲ್ಲಿ ಆಡಿದವರಿಗೆ ಶಿಕ್ಷೆ ಇಲ್ಲ.

ದೂರು ಬರೆಯಲು ಕೂತಾಗ ಲೆಕ್ಕ ಹಾಕುತ್ತಾ, ಹೋದದ್ದು ಬರೀ ಒಂಬತ್ತು ಸಾವಿರವಲ್ಲ, ಮನೆಗೆ ಗೊತ್ತಿಲ್ಲದ ಸಾಲವೂ ಇದೆ ಎಂದು ಕಂಡರೆ, ದಯವಿಟ್ಟು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ.