ಸಂತೆಯ ಗಿರಾಕಿಗಳು

ಮೊದಲ ಸಲ ನಮ್ಮ ವಿಶೇಷ ಶಾಲೆಯ ಹದಿನಾಲ್ಕು ಮಕ್ಕಳನ್ನೂ ಒಟ್ಟಿಗೆ ಸೋಮವಾರದ ಸಂತೆಗೆ ಕರೆದುಕೊಂಡು ಹೋಗಿದ್ದೆ. ಎಲ್ಲರೂ ಯೂನಿಫಾರ್ಮಿನಲ್ಲಿ, ಮುಂದೆ ಶಾಲೆಯ ಬ್ಯಾನರ್. ಜನ ಸರಿದು ದಾರಿ ಬಿಟ್ಟರು. ಬಾಳೆಹಣ್ಣಿನವರು ಒಂದು ಚಿಪ್ಪು ಕೊಟ್ಟು, ಎಷ್ಟು ಹೇಳಿದರೂ ದುಡ್ಡು ಮುಟ್ಟಲಿಲ್ಲ. ಯಾರೋ ಹೆಂಗಸು ಮಕ್ಕಳ ತಲೆ ಸವರಿ ಕಣ್ಣೊರೆಸಿಕೊಂಡರು. ಯಾರ ಮನಸ್ಸೂ ಕೆಟ್ಟದಲ್ಲ. ಆದರೆ ಆ ದಿನ ನಮ್ಮ ಒಂದು ಮಗುವೂ ಏನನ್ನೂ ಕೊಳ್ಳಲಿಲ್ಲ. ಬೌದ್ಧಿಕ ಅಂಗವೈಕಲ್ಯ, ಆಟಿಸಂ ಇರುವ ಮಕ್ಕಳು ಊರಿನ ನಡುವೆ ಎಲ್ಲರಂತೆ ಬದುಕುವುದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಮಾನ್ಯ ಮಾಡಿದ ಹಕ್ಕು. ನಾನು ಮಾಡಿಸಿದ್ದು ಮೆರವಣಿಗೆ.

ಮುಂದಿನ ವಾರದಿಂದ ಬ್ಯಾನರ್ ಬಿಟ್ಟೆವು. ಒಬ್ಬ ಶಿಕ್ಷಕಿಯ ಜೊತೆ ಇಬ್ಬರೇ ಮಕ್ಕಳು, ಮನೆಯ ಬಟ್ಟೆಯಲ್ಲಿ. ಒಬ್ಬೊಬ್ಬರ ಕೈಯಲ್ಲೂ ಅವರ ಮನೆಗೇ ಬೇಕಾದ ಮೂರು ಸಾಮಾನಿನ ಚಿತ್ರದ ಚೀಟಿ. ದುಡ್ಡು ತಾಯಿ ಕೊಟ್ಟು ಕಳಿಸಿದ್ದು. ಪ್ರತಿ ವಾರವೂ ಅದೇ ಅಂಗಡಿ, ಅದೇ ಹೊತ್ತು. ಹನ್ನೊಂದು ಗಂಟೆಯ ಮೇಲೆ ಗದ್ದಲ ಏರುತ್ತದೆ. ಆಟಿಸಂ ಇರುವ ಮಕ್ಕಳು ಕಿವಿ ಮುಚ್ಚಿಕೊಂಡು ಕೂತುಬಿಡುತ್ತಾರೆ. ಹಾಗಾಗಿ ಒಂಬತ್ತಕ್ಕೇ ಹೋಗುತ್ತಿದ್ದೆವು.

ದುಡ್ಡಿನ ಪಾಠವೇ ಎಲ್ಲಕ್ಕಿಂತ ಕಷ್ಟವಾಯಿತು. ಕೂಡಿ ಕಳೆಯುವ ಲೆಕ್ಕ ಹತ್ತದ ಮಕ್ಕಳಿಗೆ ಒಂದು ಉಪಾಯವಿದೆ: ಬೆಲೆಯಲ್ಲಿ ಎಷ್ಟು ಹತ್ತು ಕೇಳಿಸಿತೋ, ಅದಕ್ಕಿಂತ ಹತ್ತರ ಒಂದು ನೋಟು ಹೆಚ್ಚು ಕೊಡುವುದು. ಇಪ್ಪತ್ತೆಂಟು ಅಂದರೆ ಹತ್ತರ ಮೂರು ನೋಟು, ಮೂವತ್ತೈದು ಅಂದರೆ ನಾಲ್ಕು. ಚಿಲ್ಲರೆ ವಾಪಸ್ ಬರುತ್ತದೆ ಅನ್ನುವುದಷ್ಟೇ ಗೊತ್ತಿದ್ದರೆ ಸಾಕು. ಶಾಲೆಯಲ್ಲಿ ತಿಂಗಳುಗಟ್ಟಲೆ ಇದನ್ನೇ ಆಡಿಸಿದೆವು. ಬಣ್ಣ ನೋಡಿ ನೋಟು ಗುರುತಿಸುವುದನ್ನು ಮಾತ್ರ ನಂಬಬೇಡಿ. ಹೊಸ ಇಪ್ಪತ್ತರ ನೋಟು ಹಸಿರು ಬೆರೆತ ಹಳದಿ, ಇನ್ನೂರರದ್ದೂ ಹಳದಿ. ಒಬ್ಬ ಹುಡುಗಿ ಇಪ್ಪತ್ತೆಂದು ಇನ್ನೂರು ಕೊಟ್ಟಳು. ಈರುಳ್ಳಿಯವರು ಒಳ್ಳೆಯವರು, ಕರೆದು ವಾಪಸ್ ಕೊಟ್ಟರು. ಅವತ್ತಿನಿಂದ ಚೀಲದಲ್ಲಿ ಹತ್ತರ ನೋಟುಗಳು ಮಾತ್ರ.

ಮಕ್ಕಳಿಗಿಂತ ಹೆಚ್ಚು ಹೇಳಿಕೊಡಬೇಕಾದದ್ದು ವ್ಯಾಪಾರಿಗಳಿಗೆ. ಭಾಷಣ ಮಾಡಲಿಲ್ಲ. ಮುಂಚೆಯೇ ಹೋಗಿ ಎರಡು ಮಾತು ಕೇಳಿಕೊಂಡೆ: ನನ್ನನ್ನು ನೋಡಬೇಡಿ, ಮಗುವನ್ನೇ ಕೇಳಿ, ಕೇಳಿದ ಮೇಲೆ ಸ್ವಲ್ಪ ಕಾಯಿರಿ. ಕಾಯುವುದು ಅವರಿಗೆ ಸುಲಭವಲ್ಲ, ಹಿಂದೆ ಗಿರಾಕಿಗಳು ನಿಂತಿರುತ್ತಾರೆ. ನನಗೂ ಸುಲಭವಲ್ಲ, ಮಗು ತಡವರಿಸಿದಾಗ ನನ್ನ ನಾಲಿಗೆ ತಾನೇ ಮುಂದಾಗುತ್ತಿತ್ತು. ಕೊನೆಗೆ ನಾಲ್ಕು ಹೆಜ್ಜೆ ಹಿಂದೆ, ತೆಂಗಿನಕಾಯಿ ರಾಶಿಯ ಹತ್ತಿರ ನಿಲ್ಲುವುದನ್ನು ರೂಢಿ ಮಾಡಿಕೊಂಡೆ.

ಹದಿನಾರು ವರ್ಷದ ಒಬ್ಬ ಹುಡುಗ, ಮಾತು ಬಹಳ ಕಡಿಮೆ. ಮದುವೆ, ಜಾತ್ರೆಗೆ ಮನೆಯವರು ಅವನನ್ನು ಕರೆದೊಯ್ಯುತ್ತಿರಲಿಲ್ಲ. "ಸಂತೇಲಿ ಏನ್ ಕಲೀತಾನೆ ಮೇಡಂ, ನಾಲ್ಕಕ್ಷರ ಹೇಳಿಕೊಡಿ" ಎಂದಿದ್ದರು ಅವನ ತಾಯಿ. ಸೊಪ್ಪಿನ ಅಜ್ಜಿಯ ಮುಂದೆ ನಿಂತು ಚೀಟಿಯ ಮೇಲೆ ಬೆರಳಿಡುವುದಕ್ಕೇ ಅವನಿಗೆ ಐದು ವಾರ ಬೇಕಾಯಿತು. ಒಂಬತ್ತನೇ ವಾರ ಅಜ್ಜಿ ಕೊತ್ತಂಬರಿ ಕಟ್ಟು ಕೊಡುವ ಮುಂಚೆಯೇ ಅವನು ಅದನ್ನೆತ್ತಿ ಮೂಸಿ, ಪಕ್ಕಕ್ಕಿಟ್ಟು, ಬೇರೆ ಕಟ್ಟು ತೆಗೆದುಕೊಂಡ. ಅದನ್ನು ನಾವ್ಯಾರೂ ಕಲಿಸಿರಲಿಲ್ಲ. ಮನೆಯಲ್ಲಿ ತಾಯಿ ಮಾಡುವುದನ್ನು ಅವನು ಎಷ್ಟು ವರ್ಷದಿಂದ ನೋಡುತ್ತಿದ್ದನೋ. ಹೇಳಿದಾಗ ಆ ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಮುಂದಿನ ಸೋಮವಾರ ತಾವೇ ಅವನ ಜೊತೆ ಬಂದರು.

ಆಮೇಲೆ ಜ್ವರ ಬಂದು ಹುಡುಗ ಎರಡು ವಾರ ತಪ್ಪಿಸಿಕೊಂಡ. ಬೇರೆ ಮಕ್ಕಳೊಂದಿಗೆ ಹೋದಾಗ ಅಜ್ಜಿ ನನ್ನನ್ನು ತಡೆದು ಕೇಳಿದರು: "ಎಲ್ಲವ್ವಾ ನನ್ ಗಿರಾಕಿ? ಹೋದ್ ಸಲ ಎರಡ್ ರೂಪಾಯಿ ಕಮ್ಮಿ ಕೊಟ್ಟವ್ನೆ." ಕೊಡಲು ಪರ್ಸ್ ತೆಗೆದೆ. ಬೇಡ ಎಂದರು. "ಅವ್ನೇ ತಂದು ಕೊಡ್ಲಿ ಬಿಡು."

ಮುಂದಿನ ವಾರ ಅವನ ಚೀಟಿಯಲ್ಲಿ, ಕೊತ್ತಂಬರಿಯ ಕೆಳಗೆ, ಎರಡು ರೂಪಾಯಿ ನಾಣ್ಯದ ಚಿತ್ರವೂ ಇತ್ತು.