ದುಬೈಯಲ್ಲಿ ನಡೆಯುವಾಗ ಕುತ್ತಿಗೆ ಮೊದಲು ಎಡಕ್ಕೆ

ಮಂಗಳೂರಿನಿಂದ ದುಬೈಗೆ ಕೆಲಸಕ್ಕೋ ಮಕ್ಕಳ ಮನೆಗೋ ಹೊರಟವರು ವೀಸಾ, ಲಗೇಜು ಎಲ್ಲ ವಿಚಾರಿಸುತ್ತಾರೆ. ರಸ್ತೆ ದಾಟುವುದು ಹೇಗೆ ಎಂದು ಕೇಳುವವರು ಕಡಿಮೆ. ನನ್ನ ಪ್ರಕಾರ ಮೊದಲು ಕಲಿಯಬೇಕಾದದ್ದೇ ಅದು.

ಹಂಪನಕಟ್ಟೆಯಲ್ಲಿ ದಾಟುವಾಗ ನಮ್ಮ ಕುತ್ತಿಗೆ ತಾನಾಗಿ ಬಲಕ್ಕೆ ತಿರುಗುತ್ತದೆ. ಹತ್ತಿರದ ಬದಿಯ ಬಸ್ಸು ಬರುವುದು ಅಲ್ಲಿಂದ. ದುಬೈಯಲ್ಲಿ ವಾಹನ ಓಡುವುದು ರಸ್ತೆಯ ಬಲಬದಿಯಲ್ಲಿ, ಹಾಗಾಗಿ ಹತ್ತಿರದ ಕಾರು ಎಡದಿಂದ ಬರುತ್ತದೆ. ಗೊತ್ತಿದ್ದರೆ ಸಾಲದು, ಅವಸರವಾದಾಗ ಕುತ್ತಿಗೆ ಹಳೆಯ ಕಡೆಗೇ ಹೋಗುತ್ತದೆ. ಅದಕ್ಕೆ ನಾನು ಫುಟ್‌ಪಾತಿನ ಅಂಚಿನಲ್ಲಿ ಎರಡೂ ಪಾದ ಊರಿ ನಿಂತು, ಬಾಯಿಬಿಟ್ಟು "ಎಡ" ಎಂದು ಹೇಳಿಕೊಳ್ಳುತ್ತೇನೆ. ಎಡ, ಬಲ, ಮತ್ತೆ ಎಡ. ಡಿವೈಡರ್ ಮುಟ್ಟಿದ ಮೇಲೆ ಇನ್ನೊಮ್ಮೆ ನಿಂತು "ಬಲ". ಟ್ಯಾಕ್ಸಿ ಇಳಿಯುವುದೂ ಬಲಬಾಗಿಲಿನಿಂದಲೇ, ಎಡಬಾಗಿಲು ತೆರೆದುಕೊಳ್ಳುವುದು ಓಡುವ ವಾಹನಗಳ ಮಧ್ಯಕ್ಕೆ.

ಕೈ ತೋರಿಸುತ್ತಾ ನಡುವೆ ನುಗ್ಗುವ ನಮ್ಮ ಕ್ರಮ ಅಲ್ಲಿ ಬೇಡವೇ ಬೇಡ. ಗುರುತಿಸಿದ ಜಾಗ ಬಿಟ್ಟು ಬೇರೆಡೆ ದಾಟಿದರೆ ದಂಡ 400 ದಿರ್ಹಮ್. 80 ಕಿ.ಮೀ. ಅಥವಾ ಹೆಚ್ಚು ವೇಗಮಿತಿಯ ರಸ್ತೆಗಳಿಗೆ 2025ರ ಮಾರ್ಚ್‌ನಿಂದ ಜಾರಿಯಾದ ಕಾನೂನು ಇನ್ನೂ ಬಿಗಿ, ಜೈಲೂ ಆಗಬಹುದು. ಶೇಖ್ ಜಾಯೆದ್ ರಸ್ತೆ ದಾಟಲು ಮೆಟ್ರೋ ಸ್ಟೇಷನ್ನಿನ ಮೇಲ್ಸೇತುವೆ ಉಂಟು, ಎ.ಸಿ. ಇದೆ, ಬರೀ ದಾಟುವುದಕ್ಕೆ ಟಿಕೆಟ್ ಬೇಡ.

ಸಿಗ್ನಲಿನಲ್ಲಿ ಕಂಬದ ಗುಂಡಿ ಒತ್ತಿ ಕಾಯಿರಿ. ಹಸಿರು ಮನುಷ್ಯ ಮಿನುಗತೊಡಗಿದ ಮೇಲೆ ಹೊರಡಬೇಡಿ.

ನಾನು ಹೆಚ್ಚು ಹೆದರುವ ಜಾಗ ಜಂಕ್ಷನ್ ಮೂಲೆಯ ಬಲತಿರುವಿನ ದಾರಿ, ನಮ್ಮ ಫ್ರೀ ಲೆಫ್ಟ್ ಇದ್ದ ಹಾಗೆ. ಝೀಬ್ರಾ ಪಟ್ಟೆ ಇರುತ್ತದೆ, ಎಷ್ಟೋ ಕಡೆ ಸಿಗ್ನಲ್ ಇರುವುದಿಲ್ಲ. ತಿರುಗುವ ಚಾಲಕ ಮುಖ್ಯರಸ್ತೆಯ ವಾಹನಗಳಿಗಾಗಿ ತನ್ನ ಎಡಕ್ಕೆ ನೋಡುತ್ತಿರುತ್ತಾನೆ. ನೀವು ನಿಂತಿರುವುದು ಅವನ ಬಲಕ್ಕೆ. ಕಾರು ನಿಧಾನವಾದದ್ದು ನಿಮಗಾಗಿ ಎಂದು ನಂಬಬೇಡಿ. ಅವನ ಮುಖ ನಿಮ್ಮ ಕಡೆ ತಿರುಗಿ, ಚಕ್ರ ಪೂರ್ತಿ ನಿಂತ ಮೇಲೆಯೇ ಕಾಲಿಡಿ. ಒಂದು ಕಾರು ನಿಂತರೂ ಪಕ್ಕದ ಲೇನಿನದು ನಿಲ್ಲಬೇಕೆಂದಿಲ್ಲ, ನಿಂತ ಕಾರಿನ ಅಂಚಿನಿಂದ ಇಣುಕಿ ನೋಡಿ.

ದಾರಿ ತಪ್ಪಿದರೆ? ಮಂಗಳೂರಿನ "ಜ್ಯೋತಿ ಸರ್ಕಲ್ ಹತ್ತಿರ" ಎಂಬಂಥ ವಿಳಾಸ ಅಲ್ಲಿ ಹೊಸಬರ ನೆರವಿಗೆ ಬರುವುದಿಲ್ಲ. ಕಟ್ಟಡದ ಬಾಗಿಲ ಬಳಿ 10 ಅಂಕಿಯ ಮಕಾನಿ ಸಂಖ್ಯೆಯ, ಅಂದರೆ ಆ ಜಾಗವನ್ನು ಗುರುತಿಸುವ ವಿಳಾಸ ಸಂಖ್ಯೆಯ, ಫಲಕ ಇರುತ್ತದೆ. ಉಳಿದುಕೊಂಡ ಕಟ್ಟಡದ್ದನ್ನು ಮೊದಲ ದಿನವೇ ಫೋಟೊ ತೆಗೆದು, ಚೀಟಿಯಲ್ಲೂ ಬರೆದಿಡಿ. ಫೋನಿನ ಚಾರ್ಜು ಮುಗಿಯುವುದು ಬೇಕಾದ ಹೊತ್ತಿಗೇ. ಮ್ಯಾಪನ್ನು ನಡೆಯುತ್ತಾ ನೋಡುವುದಿಲ್ಲ. ಗೋಡೆಗೆ ಒರಗಿ ನಿಂತು ಮುಂದಿನ ಎರಡು ತಿರುವು ನೆನಪಿಟ್ಟುಕೊಂಡು, ಫೋನ್ ಜೇಬಿಗೆ ಹಾಕಿ ಹೊರಡುತ್ತೇನೆ. ಪೊಲೀಸ್ 999, ಆಂಬುಲೆನ್ಸ್ 998.

ಬೇಸಿಗೆಯ ಮಧ್ಯಾಹ್ನ ನಡೆಯಲೇಬೇಡಿ. ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ 12.30ರಿಂದ 3ರವರೆಗೆ ಬಿಸಿಲಲ್ಲಿ ಕೂಲಿಯವರನ್ನು ದುಡಿಸುವುದನ್ನೇ ಸರಕಾರ ನಿಷೇಧಿಸಿದೆ. ಮಂಗಳೂರಿನ ಸೆಖೆ ಕಂಡವರಿಗೂ ಆ ಬಿಸಿಲು ಬೇರೆಯೇ. ದುಬೈ ಖಾರಿಯ ಒಂದು ದಡದ ದೇರಾದಿಂದ ಇನ್ನೊಂದು ದಡದ ಬರ್ ದುಬೈಗೆ ಸುತ್ತು ಹಾಕುವ ಬದಲು ಅಬ್ರಾ ದೋಣಿ ಹತ್ತಿ, ಒಂದು ದಿರ್ಹಮ್ ಸಾಕು.

ಊರಿಗೆ ಮರಳಿದ ಮೊದಲ ವಾರವೂ ಜಾಗ್ರತೆ. ಅಷ್ಟರಲ್ಲಿ ಕುತ್ತಿಗೆ ಎಡಕ್ಕೆ ಪಳಗಿರುತ್ತದೆ. ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಿನ ಎದುರು ಮತ್ತೆ "ಬಲ" ಎಂದು ಹೇಳಿಕೊಂಡೇ ಇಳಿಯಬೇಕು.